ಬಂಕಿನ ಫಲಕದ ಮೇಲಿನ ಅಂಕಿ

ದೊಡ್ಡ ನಗರಗಳ ಪೆಟ್ರೋಲ್ ಬಂಕುಗಳಲ್ಲಿ (ಮುಂಬಯಿ, ದೆಹಲಿಗಳಲ್ಲಿ ಅದು ‘ಪಂಪ್’) ಇಂದು ಒಂದಕ್ಕಿಂತ ಹೆಚ್ಚು ಬಗೆಯ ಪೆಟ್ರೋಲು ಸಿಗುತ್ತದೆ. ಒಂದು ಎಲ್ಲರೂ ಹಾಕಿಸುವ ಸಾಮಾನ್ಯ ಪೆಟ್ರೋಲು. ಇನ್ನೊಂದರ ಫಲಕದ ಮೇಲೆ ಆಕರ್ಷಕವಾದ ಹೆಸರಿನ ಜೊತೆಗೆ 95 ಎಂದೋ, 97 ಎಂದೋ, 100 ಎಂದೋ ಒಂದು ಅಂಕಿ ಇರುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಅಂಕಪಟ್ಟಿಯನ್ನು ನೋಡಿಯೇ ಮನುಷ್ಯರ ಯೋಗ್ಯತೆಯನ್ನು ಅಳೆದು ಅಭ್ಯಾಸವಾದ ನಮಗೆ, ನೂರು ಅಂಕ ಪಡೆದ ಪೆಟ್ರೋಲು ತೊಂಬತ್ತೊಂದು ಪಡೆದದ್ದಕ್ಕಿಂತ ಜಾಣ ಪೆಟ್ರೋಲೆಂದು ತೋರುವುದು ಸಹಜ. ಹೊಸ ಕಾರು ಕೊಂಡವರು ಮೊದಲ ಕೆಲವು ತಿಂಗಳು ಅದಕ್ಕೆ ‘ಒಳ್ಳೆಯದನ್ನೇ’ ಹಾಕಿಸುತ್ತಾರೆ. ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಒಂದು ಬಾರಿ ದುಬಾರಿ ಪೆಟ್ರೋಲು ತುಂಬಿಸಿ, ಹಳೆಯ ಎಂಜಿನ್ನಿಗೆ ಹಾಲು ಕುಡಿಸಿದಷ್ಟು ತೃಪ್ತಿಪಡುವವರೂ ಇದ್ದಾರೆ.

ಆದರೆ ಆ ಅಂಕಿ ಯೋಗ್ಯತಾಪತ್ರವಲ್ಲ. ಅದು ಒಂದೇ ಒಂದು ಪ್ರಶ್ನೆಗೆ ಸಿಕ್ಕ ಉತ್ತರ. ಆ ಪ್ರಶ್ನೆ ಯಾವುದು, ಅದನ್ನು ಯಾರು ಯಾವಾಗ ಏಕೆ ಕೇಳಿದರು, ಅದರೊಡನೆ ಕೇಳಬೇಕಾಗಿದ್ದ ಉಳಿದ ಪ್ರಶ್ನೆಗಳು ಏಕೆ ಹಿಂದೆ ಉಳಿದವು ಎಂಬುದರ ಹಿಂದೆ ಒಂದು ಶತಮಾನದ ಇತಿಹಾಸವಿದೆ. ಅದರಲ್ಲಿ ವಿಜ್ಞಾನವಿದೆ, ವ್ಯಾಪಾರವಿದೆ, ಸಾವುಗಳಿವೆ. ನಮ್ಮ ನಗರಗಳ ಮಕ್ಕಳ ರಕ್ತವೂ ಆ ಇತಿಹಾಸದ ಒಂದು ಪುಟವಾಗಿದೆ.

ಪ್ರಶ್ನೆ ಹುಟ್ಟಿದ್ದು ಒಂದು ಸದ್ದಿನಿಂದ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಅದುಮುತ್ತದೆ; ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ; ಜ್ವಾಲೆ ಆ ಕಿಡಿಯಿಂದ ಹೊರಟು ಅಲೆಯಂತೆ ಹರಡುತ್ತ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಹೊರಡುತ್ತದೆ. ಆದರೆ ಅದುಮಿದ ಅನಿಲ ಕಾಯುತ್ತದೆ. ಅದುಮುವುದು ಮಿತಿಮೀರಿದರೆ, ಜ್ವಾಲೆಯ ಅಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು ಸಿಡಿಯುತ್ತದೆ. ಹೊರಗೆ ನಿಂತವರಿಗೆ ಅದು ಲೋಹದ ಮೇಲೆ ಸುತ್ತಿಗೆಯಿಂದ ತಟ್ಟಿದಂತೆ ಕೇಳಿಸುತ್ತದೆ. ಇದೇ ಮೆಕ್ಯಾನಿಕ್‌ಗಳು ಹೇಳುವ ‘ನಾಕಿಂಗ್’. ಅದು ಮುಂದುವರಿದರೆ ಶಕ್ತಿ ಕುಂದುತ್ತದೆ, ಕೊನೆಗೆ ಪಿಸ್ಟನ್ನೇ ಹಾಳಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳು ಈ ಕಾರಣಕ್ಕೆ ಮಿಶ್ರಣವನ್ನು ಅದರ ಮೂಲ ಗಾತ್ರದ ಸುಮಾರು ನಾಲ್ಕನೆಯ ಒಂದಕ್ಕಷ್ಟೇ ಅದುಮುತ್ತಿದ್ದವು. ಇಂದಿನ ಎಂಜಿನ್ನುಗಳಲ್ಲಿ ಈ ಅನುಪಾತ ಸಾಮಾನ್ಯವಾಗಿ ಹತ್ತನ್ನು ಮೀರುತ್ತದೆ. ನಾಲ್ಕರಿಂದ ಹತ್ತಕ್ಕೆ ಏರಿದ ಈ ದಾರಿಯೇ ಮೋಟಾರು ಯುಗದ ಒಂದು ಮುಖ್ಯ ಕಥೆ. ದಾರಿಗೆ ಅಡ್ಡ ನಿಂತದ್ದು ಲೋಹವಲ್ಲ, ಇಂಧನ. ಈ ಅಂಶವನ್ನು ಇಂಗ್ಲೆಂಡಿನಲ್ಲಿ ಹ್ಯಾರಿ ರಿಕಾರ್ಡೊ ತನ್ನ ಪ್ರಯೋಗಗಳಿಂದ ಕಂಡುಕೊಂಡ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಅವನ ಸಹಾಯಕ ಥಾಮಸ್ ಮಿಜ್ಲಿ ಇದೇ ತೀರ್ಮಾನಕ್ಕೆ ಬಂದರು. ಕಾರಿನ ವಿದ್ಯುತ್ ಸ್ಟಾರ್ಟರ್ ತಯಾರಿಸಿ ಹೆಸರಾಗಿದ್ದ ಕೆಟರಿಂಗ್ ಮುಂದೆ ಜನರಲ್ ಮೋಟರ್ಸ್ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥನಾದ.

1916ರಲ್ಲಿ ಮಿಜ್ಲಿ ಹಿಡಿದ ಮೊದಲ ಜಾಡು ತಪ್ಪು ತರ್ಕದಿಂದ ಹುಟ್ಟಿ ಸರಿಯಾದ ಕಡೆಗೆ ಕರೆದೊಯ್ದ ಜಾಡು. ಇಂಧನಕ್ಕೆ ಕೆಂಪು ಬಣ್ಣ ಬೆರೆಸಿದರೆ ಅದು ಶಾಖವನ್ನು ಬೇಗ ಹೀರಿ ಸಮನಾಗಿ ಉರಿಯಬಹುದು ಎಂದು ಆತ ಊಹಿಸಿದ. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಕೈಗೆ ಸಿಗದೆ ಅಯೋಡಿನ್ ಬೆರೆಸಿದ, ಸದ್ದು ನಿಂತಿತು. ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಬೇರೆ ಬಣ್ಣಗಳನ್ನು ಹಾಕಿ ನೋಡಿದಾಗ ತಿಳಿಯಿತು. ಆದರೆ ಸ್ವಲ್ಪವೇ ಸ್ವಲ್ಪ ವಸ್ತು ಬೆರೆಸಿ ನಾಕಿಂಗ್ ನಿಲ್ಲಿಸಬಹುದೆಂಬುದು ಸಾಬೀತಾಯಿತು. ಅಲ್ಲಿಂದ ಒಂದಾದ ಮೇಲೊಂದರಂತೆ ನೂರಾರು ವಸ್ತುಗಳ ಪರೀಕ್ಷೆ ನಡೆಯಿತು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತದ ಸರದಿ ಬಂತು. ಪೆಟ್ರೋಲಿಗೆ ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಎಂಜಿನ್ನಿನ ಬಡಿತ ಅಡಗಿಹೋಗುತ್ತಿತ್ತು. ಒಂದು ಗ್ಯಾಲನ್ ಪೆಟ್ರೋಲಿಗೆ ಬೇಕಾದದ್ದು ಅರ್ಧ ಚಹಾ ಚಮಚದಷ್ಟು ದ್ರವ.

ಸೀಸ ವಿಷವೆಂಬುದು ಆಗ ಯಾರಿಗೂ ಹೊಸ ಸಂಗತಿಯಾಗಿರಲಿಲ್ಲ. ಬಣ್ಣದ ಕಾರ್ಖಾನೆಗಳ ಕೂಲಿಗಳು, ಅಚ್ಚುಮೊಳೆ ಜೋಡಿಸುವವರು ಸೀಸದಿಂದ ನರಳುವುದು ವೈದ್ಯಶಾಸ್ತ್ರಕ್ಕೆ ಹಳೆಯ ಪರಿಚಯ. ಇನ್ನೊಂದು ದಾರಿಯೂ ಎದುರಿಗೇ ಇತ್ತು: ಮದ್ಯಸಾರ. ಪೆಟ್ರೋಲಿಗೆ ಮದ್ಯಸಾರ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂಬುದು ಮಿಜ್ಲಿಗೂ ಕೆಟರಿಂಗ್‌ಗೂ ತಿಳಿದಿತ್ತು; ಅಂಥ ಮಿಶ್ರಣದ ಪರವಾಗಿ ಮಿಜ್ಲಿ ತಾನೇ ಮಾತನಾಡಿದ್ದುಂಟು. ಆದರೂ ಸೀಸ ಗೆದ್ದಿತು. ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಮದ್ಯಸಾರವನ್ನು ಯಾವ ರೈತನೂ ಯಾವ ಭಟ್ಟಿಯವನೂ ತಯಾರಿಸಬಹುದು. ಅದರ ಮೇಲೆ ಒಬ್ಬನ ಪೇಟೆಂಟು ನಿಲ್ಲದು. ಅದನ್ನು ಶೇಕಡ ಹತ್ತು ಇಪ್ಪತ್ತರಷ್ಟು ಬೆರೆಸಬೇಕು. ಅಂದರೆ ತೈಲ ಕಂಪನಿಗಳು ತಮ್ಮ ಮಾರಾಟದ ಹತ್ತರಲ್ಲಿ ಒಂದೆರಡು ಪಾಲನ್ನು ಕಬ್ಬು ಜೋಳ ಬೆಳೆಯುವವರಿಗೆ ಬಿಟ್ಟುಕೊಡಬೇಕು. ಸೀಸದ್ದು ಹಾಗಲ್ಲ. ಅದಕ್ಕೆ ಪೇಟೆಂಟು ಸಿಕ್ಕಿತು, ಸಾಗಣೆ ಸುಲಭವಾಗಿತ್ತು, ಪ್ರತಿ ಗ್ಯಾಲನ್ನಿನ ಮೇಲೂ ಲಾಭವಿತ್ತು.

1923ರ ಫೆಬ್ರವರಿ 2ರಂದು ಡೇಟನ್ನಿನ ಒಂದು ಬಂಕಿನಲ್ಲಿ ಸೀಸ ಬೆರೆತ ಪೆಟ್ರೋಲು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಮರುವರ್ಷ ಜನರಲ್ ಮೋಟರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಗಳು ಸೇರಿ ಇದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದವು. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಇತಿಹಾಸದಲ್ಲಿ ಹೆಚ್ಚು ಕಾಡುವುದು ಆ ಸರಕಿಗೆ ಅವರು ಇಟ್ಟ ಹೆಸರು: ‘ಈಥೈಲ್’. ಟೆಟ್ರಾಈಥೈಲ್ ಲೆಡ್ ಎಂಬ ಹೆಸರಿನ ನಡುವಿನ ನಿರುಪದ್ರವಿ ತುಂಡನ್ನು ಉಳಿಸಿಕೊಂಡು, ಕೊನೆಯ ಪದವಾದ ಸೀಸವನ್ನು ಕತ್ತರಿಸಿ ಎಸೆದರು. ಜಾಹೀರಾತುಗಳಲ್ಲಿ, ಬಂಕಿನ ಫಲಕಗಳಲ್ಲಿ ಉಳಿದದ್ದು ಹೆಣ್ಣುಮಗಳ ಹೆಸರಿನಂತೆ ಕೇಳುವ ಒಂದು ಇಂಪಾದ ಶಬ್ದ ಮಾತ್ರ. ಯಾವ ಕೊಳ್ಳುಗನೂ ತಾನು ಸೀಸವನ್ನು ಕೊಳ್ಳುತ್ತಿದ್ದೇನೆಂದು ಆ ಹೆಸರಿನಿಂದ ತಿಳಿಯುವಂತಿರಲಿಲ್ಲ.

ತಿಳಿದದ್ದು ಕಾರ್ಖಾನೆಯ ಕೂಲಿಗಳಿಗೆ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಕೆಲಸಗಾರರು ಒಬ್ಬೊಬ್ಬರಾಗಿ ಚಿತ್ತಭ್ರಮೆಗೆ ಒಳಗಾದರು. ಐವರು ಸತ್ತರು; ಹಲವರು ಆಸ್ಪತ್ರೆ ಸೇರಿದರು. ಡ್ಯುಪಾಂಟ್ ಕಂಪನಿಯ ಡೀಪ್‌ವಾಟರ್ ಕಾರ್ಖಾನೆಯ ಕಟ್ಟಡವೊಂದಕ್ಕೆ ಅಲ್ಲಿನ ಕೂಲಿಗಳು ಇಟ್ಟಿದ್ದ ಹೆಸರು ‘ಚಿಟ್ಟೆಗಳ ಮನೆ’. ಏಕೆಂದರೆ ವಿಷವೇರಿದವರು ಗಾಳಿಯಲ್ಲಿ ಇಲ್ಲದ ಕೀಟಗಳನ್ನು ಓಡಿಸಲು ಕೈಬೀಸುತ್ತಿದ್ದರು. ಕಂಪನಿ ಇಟ್ಟ ಹೆಸರು ಒಂದು, ಕೂಲಿಗಳು ಇಟ್ಟ ಹೆಸರು ಇನ್ನೊಂದು. ಎರಡನೆಯದೇ ಹೆಚ್ಚು ನಿಜ ಹೇಳುತ್ತದೆ.

ನ್ಯೂಯಾರ್ಕ್ ನಗರ ಆ ಪೆಟ್ರೋಲಿನ ಮಾರಾಟವನ್ನು ನಿಷೇಧಿಸಿತು. ಅಕ್ಟೋಬರ್ 30ರಂದು ಪತ್ರಕರ್ತರ ಮುಂದೆ ಮಿಜ್ಲಿ ಆ ದ್ರವದಿಂದ ಕೈತೊಳೆದುಕೊಂಡು, ಸೀಸೆಯನ್ನು ಮೂಗಿಗೆ ಹಿಡಿದು ಒಂದು ನಿಮಿಷ ಉಸಿರೆಳೆದು, ಇದರಿಂದ ಏನೂ ಆಗದೆಂದು ತೋರಿಸಿದ. ಅದಕ್ಕೆ ಒಂದೂವರೆ ವರ್ಷ ಹಿಂದೆಯಷ್ಟೇ ಅವನೇ ಸೀಸದ ವಿಷದಿಂದ ಚೇತರಿಸಿಕೊಳ್ಳಲು ಫ್ಲಾರಿಡಾಕ್ಕೆ ಹೋಗಿ ವಿಶ್ರಾಂತಿ ಪಡೆದಿದ್ದ. 1925ರ ಮೇ 20ರಂದು ಅಮೆರಿಕದ ಸರ್ಜನ್ ಜನರಲ್ ವಾಷಿಂಗ್ಟನ್ನಿನಲ್ಲಿ ಒಂದು ಸಭೆ ಕರೆದ. ಕಾರ್ಮಿಕರ ಆರೋಗ್ಯದ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲವರಾಗಿದ್ದ ಡಾ. ಆಲಿಸ್ ಹ್ಯಾಮಿಲ್ಟನ್, ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಅಲ್ಲಿದ್ದರು. ಕಾರ್ಖಾನೆಯ ಅಪಘಾತಕ್ಕಿಂತ ದೊಡ್ಡ ಅಪಾಯ ಬೀದಿಯಲ್ಲಿದೆ, ಕೋಟ್ಯಂತರ ಜನ ದಿನದಿನವೂ ತುಸುತುಸುವಾಗಿ ಉಸಿರಾಡುವ ಸೀಸದಲ್ಲಿದೆ ಎಂಬುದು ಅವರ ಎಚ್ಚರಿಕೆ. ಉದ್ಯಮದ ಪ್ರತಿನಿಧಿಯೊಬ್ಬ ಈ ಸಂಯುಕ್ತವನ್ನು ದೇವರು ಕೊಟ್ಟ ವರವೆಂಬಂತೆ ಬಣ್ಣಿಸಿದ.

ಸಭೆಯ ಫಲವಾಗಿ ರಚಿತವಾದ ತಜ್ಞರ ಸಮಿತಿ 1926ರ ಆರಂಭದಲ್ಲಿ ವರದಿ ಕೊಟ್ಟಿತು: ನಿಷೇಧಕ್ಕೆ ಸದ್ಯ ಸಾಕಷ್ಟು ಆಧಾರವಿಲ್ಲ, ಆದರೆ ಬಳಕೆ ಹೆಚ್ಚಿದಂತೆ ದೀರ್ಘಕಾಲದ ಪರಿಣಾಮಗಳನ್ನು ಅಧ್ಯಯನ ಮಾಡುತ್ತಿರಬೇಕು. ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಇಂಥ ವಾಕ್ಯದ ಗತಿ ಚೆನ್ನಾಗಿ ಗೊತ್ತು. ಮೊದಲ ಭಾಗ ಅಂದೇ ಜಾರಿಯಾಗುತ್ತದೆ. ಎರಡನೆಯ ಭಾಗ ‘ಮುಂದಿನ ಕ್ರಮಕ್ಕಾಗಿ’ ಕಾಯುತ್ತದೆ. ಮಾರಾಟ ಮತ್ತೆ ಆರಂಭವಾಯಿತು. ಅಧ್ಯಯನವನ್ನು ಸರ್ಕಾರ ಕೈಗೆತ್ತಿಕೊಳ್ಳಲಿಲ್ಲ. ಮುಂದಿನ ಸುಮಾರು ನಾಲ್ಕು ದಶಕ ಅದು ಬಹುಮಟ್ಟಿಗೆ ಉದ್ಯಮದ ಹಣದಲ್ಲಿ, ರಾಬರ್ಟ್ ಕೀಹೋ ಎಂಬ ವೈದ್ಯನ ಪ್ರಯೋಗಾಲಯದಲ್ಲಿ ನಡೆಯಿತು. ಮನುಷ್ಯನ ದೇಹದಲ್ಲಿ ಸೀಸ ಇರುವುದು ಸಹಜ, ಒಂದು ಮಿತಿಯವರೆಗೆ ಅದು ಬಾಧಕವಲ್ಲ ಎಂಬುದು ಅವನ ಸಿದ್ಧಾಂತ.

ಅದೇ ಹೊತ್ತಿನಲ್ಲಿ, ಅದೇ ಸಂಸ್ಥೆಯ ಇನ್ನೊಂದು ಕೋಣೆಯಲ್ಲಿ, ನಮ್ಮ ಬಂಕಿನ ಅಂಕಿ ಹುಟ್ಟಿತು. ಈ ಪೆಟ್ರೋಲು ಆ ಪೆಟ್ರೋಲಿಗಿಂತ ಕಡಿಮೆ ಬಡಿಯುತ್ತದೆ ಎಂದು ಹೇಳಲು ಎಲ್ಲರೂ ಒಪ್ಪುವ ಅಳತೆಗೋಲು ಬೇಕಾಗಿತ್ತು. ಈಥೈಲ್ ಸಂಸ್ಥೆಯ ರಸಾಯನತಜ್ಞ ಗ್ರಹಾಂ ಎಡ್ಗರ್ 1926ರಲ್ಲಿ ಸರಳವಾದ ಉಪಾಯ ಸೂಚಿಸಿದ. ಎರಡು ಶುದ್ಧ ದ್ರವಗಳನ್ನು ಆತ ಆರಿಸಿಕೊಂಡ. ಒಂದು, ನೇರ ಸರಪಳಿಯಂತೆ ಜೋಡಣೆಗೊಂಡ ಏಳು ಇಂಗಾಲದ ಪರಮಾಣುಗಳ ಹೆಪ್ಟೇನ್. ಇದು ತೀರ ಸುಲಭವಾಗಿ ನಾಕ್ ಮಾಡುತ್ತದೆ. ಇನ್ನೊಂದು, ಕವಲೊಡೆದ ರಚನೆಯ ಎಂಟು ಇಂಗಾಲದ ಐಸೋ ಆಕ್ಟೇನ್. ಇದು ಬಡಿತವನ್ನು ಬಹಳ ತಡೆಯುತ್ತದೆ. ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ನೂರು ಎಂದು ಗೊತ್ತುಮಾಡಿದ. ಹೆಸರುಗಳಿಗೆ ಹೆದರಬೇಕಾಗಿಲ್ಲ: ಆಕ್ಟೇನಿನ ‘ಆಕ್ಟ’ ನಮ್ಮ ‘ಅಷ್ಟ’ದ ಒಡಹುಟ್ಟು, ಹೆಪ್ಟೇನಿನ ‘ಹೆಪ್ಟ’ ನಮ್ಮ ‘ಸಪ್ತ’ದ ಒಡಹುಟ್ಟು. ಶುದ್ಧ ಹೆಪ್ಟೇನನ್ನು ಆಗ ಪಡೆಯುತ್ತಿದ್ದದ್ದು ಕ್ಯಾಲಿಫೋರ್ನಿಯದ ಬೆಟ್ಟಗಳಲ್ಲಿ ಬೆಳೆಯುವ ಜೆಫ್ರಿ ಪೈನ್ ಎಂಬ ಮರದ ರಾಳದಿಂದ.

ಹೀಗಾಗಿ 91 ಆಕ್ಟೇನ್ ಪೆಟ್ರೋಲು ಎಂದರೆ ಅದರಲ್ಲಿ ಆಕ್ಟೇನ್ ಶೇಕಡ 91 ಇದೆ ಎಂದು ಅರ್ಥವಲ್ಲ. 91 ಭಾಗ ಐಸೋ ಆಕ್ಟೇನ್ ಮತ್ತು 9 ಭಾಗ ಹೆಪ್ಟೇನ್ ಬೆರೆಸಿದರೆ ಎಷ್ಟು ಬಡಿತ ತಡೆಯುತ್ತದೋ ಅಷ್ಟನ್ನು ಈ ಪೆಟ್ರೋಲು ತಡೆಯುತ್ತದೆ ಎಂದಷ್ಟೇ ಅರ್ಥ. ಅಳೆಯಲು 1929ರ ಹೊತ್ತಿಗೆ ಒಂದು ವಿಶೇಷ ಎಂಜಿನ್ನೂ ಸಿದ್ಧವಾಯಿತು. ಅದಕ್ಕೆ ಒಂದೇ ಸಿಲಿಂಡರು; ಅದುಮುವ ಅನುಪಾತವನ್ನು ಓಡುತ್ತಿರುವಾಗಲೇ ಬದಲಿಸಬಹುದು. ಆ ಎಂಜಿನ್ನಿನ ವಂಶಸ್ಥರೇ ಇಂದಿಗೂ ಜಗತ್ತಿನ ಸಂಸ್ಕರಣಾಗಾರಗಳಲ್ಲಿ ತೀರ್ಪುಗಾರರು. ನಿಮಿಷಕ್ಕೆ 600 ಸುತ್ತಿನ ಮೆದು ಪರೀಕ್ಷೆಯಲ್ಲಿ ಬಂದದ್ದು ರಿಸರ್ಚ್ ಆಕ್ಟೇನ್. 900 ಸುತ್ತಿನ, ಹೆಚ್ಚು ಬಿಸಿಯ ಕಠಿಣ ಪರೀಕ್ಷೆಯಲ್ಲಿ ಬಂದದ್ದು ಮೋಟಾರ್ ಆಕ್ಟೇನ್. ಭಾರತದಲ್ಲಿ, ಯುರೋಪಿನಲ್ಲಿ ನಾವು ನೋಡುವುದು ಮೊದಲನೆಯದನ್ನು. ಅಮೆರಿಕದ ಬಂಕುಗಳಲ್ಲಿ ಬರೆಯುವುದು ಎರಡರ ಸರಾಸರಿಯನ್ನು. ಆದ್ದರಿಂದ ಅಮೆರಿಕದಲ್ಲಿರುವ ನೆಂಟರು ತಮ್ಮ ಕಾರಿಗೆ 87 ಹಾಕಿಸುತ್ತೇವೆಂದರೆ, ಅದು ನಮ್ಮ ಲೆಕ್ಕದಲ್ಲಿ ಸುಮಾರು 91ಕ್ಕೆ ಸಮ. ಅವರದು ಕೆಳದರ್ಜೆಯ ಪೆಟ್ರೋಲೂ ಅಲ್ಲ, ನಮ್ಮದು ಮೇಲ್ದರ್ಜೆಯದೂ ಅಲ್ಲ.

ಇದು ಅಚ್ಚುಕಟ್ಟಾದ ಅಳತೆ, ಅನುಮಾನವಿಲ್ಲ. ಆದರೆ ಅದು ಕೇಳುವುದು ಒಂದೇ ಪ್ರಶ್ನೆ: ಬಡಿಯುತ್ತದೆಯೋ ಇಲ್ಲವೋ? ಆ ಗುಣ ಎಲ್ಲಿಂದ ಬಂತು, ಉರಿದ ಮೇಲೆ ಹೊಗೆಕೊಳವೆಯಿಂದ ಏನು ಹೊರಬರುತ್ತದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಸೀಸದಿಂದ ಬಂದ 93ಕ್ಕೂ ಮದ್ಯಸಾರದಿಂದ ಬಂದ 93ಕ್ಕೂ ಅದು ಭೇದ ಎಣಿಸದು. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ನೂರನ್ನು ಮೀರಿದ ಆಕ್ಟೇನನ್ನು ಅಳೆಯಲು ಶುದ್ಧ ಐಸೋ ಆಕ್ಟೇನ್ ಸಾಲದು. ಅದಕ್ಕೆ ಗೊತ್ತಾದ ಪ್ರಮಾಣದ ಟೆಟ್ರಾಈಥೈಲ್ ಲೆಡ್ ಬೆರೆಸಿದ ದ್ರವವನ್ನೇ ಪ್ರಮಾಣವೆಂದು ಇಟ್ಟುಕೊಂಡರು. ಅಳತೆಗೋಲಿನ ಮೇಲ್ತುದಿಯನ್ನೇ ಸೀಸದಿಂದ ಮಾಡಿದಂತಾಯಿತು.

ಈ ಅಂಕಿಯ ಹಿರಿಮೆ ಜಗತ್ತಿಗೆ ತಿಳಿದದ್ದು ಯುದ್ಧದಲ್ಲಿ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳು ಬಳಸಿದ್ದು 100 ಆಕ್ಟೇನಿನ ಇಂಧನ. ಅದರಿಂದಾಗಿ ಅವುಗಳ ಮರ್ಲಿನ್ ಎಂಜಿನ್ನುಗಳು ತುರ್ತಿನಲ್ಲಿ ಹೆಚ್ಚು ಒತ್ತಡದ ಗಾಳಿಯನ್ನು ತೆಗೆದುಕೊಂಡು ಹೆಚ್ಚು ಶಕ್ತಿ ಕೊಡಬಲ್ಲವಾಗಿದ್ದವು. ಅಂಥ ಇಂಧನವನ್ನು ಹೇರಳವಾಗಿ ತಯಾರಿಸಬೇಕೆಂದು ಅಮೆರಿಕದಲ್ಲಿ ಯುದ್ಧಕ್ಕೂ ಮುನ್ನವೇ ಒತ್ತಾಯಿಸಿದವರಲ್ಲಿ ಶೆಲ್ ಕಂಪನಿಯಲ್ಲಿದ್ದ ವಿಮಾನಚಾಲಕ ಜೇಮ್ಸ್ ಡೂಲಿಟಲ್ ಪ್ರಮುಖ. ಫ್ರಾನ್ಸಿನ ಯೂಜೀನ್ ಹೂಡ್ರಿ ರೂಪಿಸಿದ, ವೇಗವರ್ಧಕದ ನೆರವಿನಿಂದ ತೈಲದ ದೊಡ್ಡ ಅಣುಗಳನ್ನು ಒಡೆಯುವ ವಿಧಾನ ಆ ಕೆಲಸಕ್ಕೆ ಒದಗಿತು. ಸಂಸ್ಕರಣೆಯಿಂದಲೇ ಆಕ್ಟೇನ್ ಏರಿಸಬಹುದೆಂಬುದನ್ನು ಇದು ತೋರಿಸಿತು. ಆದರೂ ಯುದ್ಧಾನಂತರದ ದಶಕಗಳಲ್ಲಿ ಕಾರುಗಳ ಸಂಖ್ಯೆ, ಎಂಜಿನ್ನುಗಳ ಗಾತ್ರ ಏರಿದಂತೆ ಸೀಸದ ಬಳಕೆಯೂ ಏರಿತು. ಕಡಿಮೆ ಖರ್ಚಿನಲ್ಲಿ ಅಂಕಿ ಏರಿಸುವ ದಾರಿ ಅದೇ ಆಗಿತ್ತು.

ಆ ದಾರಿಯನ್ನು ಮುಚ್ಚುವ ಮೊದಲ ಹೆಜ್ಜೆ ಬಂದದ್ದು ಪೆಟ್ರೋಲಿಗೆ ಸಂಬಂಧವೇ ಇಲ್ಲದ ಕಡೆಯಿಂದ. ಭೂವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸನ್ನು ಅಳೆಯುತ್ತಿದ್ದ. ಉಲ್ಕಾಶಿಲೆಗಳಲ್ಲಿನ ಸೀಸದ ಐಸೊಟೋಪುಗಳಿಂದ ಆತ ಆ ವಯಸ್ಸನ್ನು ಸುಮಾರು 455 ಕೋಟಿ ವರ್ಷವೆಂದು 1956ರಲ್ಲಿ ನಿರ್ಧರಿಸಿದ. ಆ ಕೆಲಸದಲ್ಲಿ ಅವನಿಗೆ ಎದುರಾದ ದೊಡ್ಡ ತೊಡಕು, ಎಲ್ಲಿ ನೋಡಿದರಲ್ಲಿ ಇದ್ದ ಹೊರಗಿನ ಸೀಸ: ಗಾಳಿಯಲ್ಲಿ, ನೀರಿನಲ್ಲಿ, ಕೂದಲಿನಲ್ಲಿ, ಪ್ರಯೋಗಾಲಯದ ದೂಳಿನಲ್ಲಿ. ಅದರ ಮೂಲವನ್ನು ಹುಡುಕುತ್ತ ಸಮುದ್ರದ ಮೇಲ್ಪದರದ ನೀರನ್ನು ಆಳದ ನೀರಿನೊಡನೆ, ಗ್ರೀನ್‌ಲ್ಯಾಂಡಿನ ಹೊಸ ಹಿಮವನ್ನು ಹಳೆಯ ಹಿಮದೊಡನೆ ಹೋಲಿಸಿದ. 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು ಹೇಳಿದ್ದು ಇಷ್ಟು: ಈಗ ಎಲ್ಲರ ದೇಹದಲ್ಲಿರುವ ಸೀಸ ‘ಸಾಮಾನ್ಯ’ವಾಗಿರಬಹುದು, ಆದರೆ ‘ಸಹಜ’ವಲ್ಲ. ಕೀಹೋನ ಸಿದ್ಧಾಂತ ಈ ಎರಡು ಪದಗಳನ್ನು ಒಂದಾಗಿಸಿಕೊಂಡಿತ್ತು. ನಾಲ್ಕು ದಶಕದ ವಾದವನ್ನು ಪ್ಯಾಟರ್ಸನ್ ಆ ಎರಡು ಪದಗಳನ್ನು ಬೇರ್ಪಡಿಸಿ ಮುರಿದ.

ಆದರೂ ಸೀಸ ಮೊದಲು ಕೆಳಗಿಳಿದದ್ದು ಮಕ್ಕಳ ಸಲುವಾಗಿಯಲ್ಲ. ಹೊಗೆಯನ್ನು ಶುದ್ಧಗೊಳಿಸಲು 1975ರ ಮಾದರಿಯ ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದರೊಳಗಿನ ಪ್ಲಾಟಿನಂ ಲೇಪನವನ್ನು ಸೀಸ ನಿಷ್ಕ್ರಿಯಗೊಳಿಸುತ್ತದೆ. ಹೀಗೆ ಸೀಸವಿಲ್ಲದ ಪೆಟ್ರೋಲು ಯಂತ್ರದ ರಕ್ಷಣೆಗೆಂದು ಅನಿವಾರ್ಯವಾಯಿತು. ಮನುಷ್ಯರ ರಕ್ಷಣೆ ಅದರ ಹಿಂದೆ ಬಂತು. 1976ರಿಂದ 1980ರವರೆಗೆ ಪೆಟ್ರೋಲಿನ ಸೀಸ ಇಳಿದಂತೆ ಅಮೆರಿಕನ್ನರ ರಕ್ತದಲ್ಲಿನ ಸೀಸ ಸರಾಸರಿ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು. ಮಕ್ಕಳ ಉದುರಿದ ಹಾಲುಹಲ್ಲುಗಳಲ್ಲಿ ಸೀಸವನ್ನು ಅಳೆದು, ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ, ತರಗತಿಯ ನಡವಳಿಕೆಯಲ್ಲಿ ಹಿಂದೆ ಬೀಳುವುದನ್ನು ಹರ್ಬರ್ಟ್ ನೀಡಲ್‌ಮನ್ 1979ರಲ್ಲಿ ತೋರಿಸಿದ. ಯಾವ ಕಾಯಿಲೆಯ ಚಿಹ್ನೆಯೂ ಹೊರಗೆ ಕಾಣದ ಮಕ್ಕಳು ಅವರು.

ನಮ್ಮ ದೇಶದಲ್ಲಿ ಆಗ ಇದು ಚರ್ಚೆಯ ವಿಷಯವೇ ಆಗಿರಲಿಲ್ಲ. ಇಲ್ಲಿ ಸಿಗುತ್ತಿದ್ದ ಪೆಟ್ರೋಲಿನ ಎರಡು ದರ್ಜೆಗಳು 87 ಮತ್ತು 93 ಆಕ್ಟೇನಿನವು. ಎರಡಕ್ಕೂ ಸೀಸದ್ದೇ ಊರುಗೋಲು. ಎಂಬತ್ತರ ದಶಕದಲ್ಲಿ ಮಾರುತಿ ಕಾರುಗಳೂ ಹೊಸ ಮೋಟಾರ್‌ಸೈಕಲ್ಲುಗಳೂ ಬಂದು ರಸ್ತೆಗಳು ತುಂಬಿದವು. ವಕೀಲ ಎಂ. ಸಿ. ಮೆಹ್ತಾ ಅವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ವಾಹನ ಮಾಲಿನ್ಯದ ಮೊಕದ್ದಮೆ ಈ ವಿಷಯವನ್ನು ಮುನ್ನೆಲೆಗೆ ತಂದಿತು. 1994ರಲ್ಲಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಕಡಿಮೆ ಸೀಸದ ಪೆಟ್ರೋಲು ಬಂತು. 1995ರ ಏಪ್ರಿಲ್ 1ರಿಂದ ಈ ನಾಲ್ಕು ನಗರಗಳಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿ, ಅವುಗಳಿಗೆಂದು ಸೀಸರಹಿತ ಪೆಟ್ರೋಲು ಮಾರಾಟಕ್ಕೆ ಬಂತು. 1998ರ ಸೆಪ್ಟೆಂಬರಿನಿಂದ ದೆಹಲಿಯಲ್ಲಿ ಸೀಸದ ಪೆಟ್ರೋಲು ಸಂಪೂರ್ಣವಾಗಿ ನಿಂತಿತು. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ.

ಆ ವರ್ಷಗಳಲ್ಲಿ ನಡೆದ ಒಂದು ಕೆಲಸವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಿತು. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬಯಿ, ದೆಹಲಿ, ಕಲ್ಕತ್ತ ಅದರಲ್ಲಿದ್ದವು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಮನ್ನು ಮೀರಿತ್ತು. ಎಚ್ಚರಿಕೆಯ ಗೆರೆಯೆಂದು ಆಗ ಒಪ್ಪಿದ್ದ ಮಟ್ಟ ಅದು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಈ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ನಗರದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ವಿರುದ್ಧದ ಕೆಲಸವನ್ನು ಮುಂದಿನ ದಶಕಗಳಲ್ಲೂ ಬಿಡದೆ ನಡೆಸಿದರು. ಸೀಸದ ಪೆಟ್ರೋಲು ನಿಂತ ಕೆಲವು ವರ್ಷಗಳ ನಂತರ ಮುಂಬಯಿಯಲ್ಲಿ ನಡೆದ ಅಧ್ಯಯನದಲ್ಲಿ, ಆ ಗೆರೆಯನ್ನು ಮೀರಿದ ಮಕ್ಕಳ ಪಾಲು ಸುಮಾರು ಮೂರನೇ ಒಂದಕ್ಕೆ ಇಳಿದಿತ್ತು. ಇಳಿದದ್ದು ಸಮಾಧಾನ, ಉಳಿದದ್ದು ಬಣ್ಣ, ಬ್ಯಾಟರಿ, ಪಾತ್ರೆಗಳ ಸೀಸ ಇನ್ನೂ ಇದೆಯೆಂಬುದರ ನೆನಪು.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಈ ನಗರಗಳಿಗೆ ನೌಕರಿ ಹುಡುಕಿಕೊಂಡು ಬಂದ ಕನ್ನಡ ಕುಟುಂಬಗಳ ಮಕ್ಕಳು ಬೆಳೆದದ್ದು ಇದೇ ಗಾಳಿಯಲ್ಲಿ. ಮಾಟುಂಗದ ಬಸ್ ನಿಲ್ದಾಣದಲ್ಲಿ, ಕರೋಲ್‌ಬಾಗಿನ ಆಟೋಗಳ ಸಾಲಿನಲ್ಲಿ ಅವರು ಉಸಿರಾಡಿದ ಹೊಗೆಯಲ್ಲಿ 1921ರ ಆ ನಿರ್ಧಾರದ ಒಂದು ಅಂಶವಿತ್ತು. ಡೇಟನ್ನಿನಲ್ಲಿ ಯಾರೋ ಲಾಭ ನಷ್ಟ ತೂಗಿ ಆರಿಸಿದ ಇಂಧನವನ್ನು ಇಲ್ಲಿ ಕಾರೇ ಇಲ್ಲದ ಮನೆಯ ಮಗು ಉಸಿರಾಡಿತು. ಇಂಧನದ ಆಯ್ಕೆ ಕಾರಿನ ಯಜಮಾನನ ಖಾಸಗಿ ಸಂಗತಿ ಎಂದು ನಾವು ಭಾವಿಸುತ್ತೇವೆ. ಅದರ ಫಲವನ್ನು ಅನುಭವಿಸುವವರಲ್ಲಿ ಹೆಚ್ಚಿನವರು ಬಂಕಿನ ಮೆಟ್ಟಿಲನ್ನೇ ಹತ್ತದವರು. ಕಾರುಗಳಿಗೆ ಸೀಸದ ಪೆಟ್ರೋಲನ್ನು ಮಾರುವ ಕೊನೆಯ ದೇಶವಾಗಿ ಉಳಿದಿದ್ದ ಅಲ್ಜೀರಿಯ ಅದನ್ನು ನಿಲ್ಲಿಸಿದ್ದು 2021ರ ಜುಲೈಯಲ್ಲಿ. ಸರಿಯಾಗಿ ನೂರು ವರ್ಷ.

ಸೀಸ ಹೋದ ಮೇಲೆ ಅಂಕಿಯನ್ನು ಎತ್ತಿಹಿಡಿಯುವವರು ಯಾರು? ಸಂಸ್ಕರಣಾಗಾರಗಳು ತೈಲದ ಅಣುಗಳನ್ನು ಮರುಜೋಡಿಸಿ ಆಕ್ಟೇನ್ ಏರಿಸಿದವು. ಹಾಗೆ ಮಾಡುವಾಗ ಬೆಂಜೀನ್ ಹೆಚ್ಚುತ್ತದೆ, ಅದು ಕ್ಯಾನ್ಸರ್‌ಕಾರಕ. ಆದ್ದರಿಂದ ಅದಕ್ಕೂ ಮಿತಿ ಹಾಕಬೇಕಾಯಿತು. ಇಂದಿನ ನಮ್ಮ ಪೆಟ್ರೋಲಿನಲ್ಲಿ ಅದು ಶೇಕಡ 1ನ್ನು ಮೀರುವಂತಿಲ್ಲ. ಭಾರತ್ ಸ್ಟೇಜ್ ನಿಯಮಗಳು ಬಿಗಿಯಾದಂತೆ ದೇಶದ ಸಾಮಾನ್ಯ ಪೆಟ್ರೋಲಿನ ಕನಿಷ್ಠ ಆಕ್ಟೇನ್ 91ಕ್ಕೆ, ಮೇಲ್ದರ್ಜೆಯದು 95ಕ್ಕೆ ಬಂತು.

ಇನ್ನೊಂದು ಕಡೆಯಿಂದ, 1920ರ ದಶಕದಲ್ಲಿ ಬದಿಗೆ ಸರಿಸಿದ್ದ ಮದ್ಯಸಾರ ‘ಎಥನಾಲ್’ ಎಂಬ ಹೆಸರಿನಲ್ಲಿ ಮರಳಿ ಬಂತು. ಅದು ನಮಗೆ ಅಪರಿಚಿತವೇನಲ್ಲ. ಕಬ್ಬಿನ ಕಾಕಂಬಿಯಿಂದ ತೆಗೆದ ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವುದಕ್ಕೆಂದು ಸ್ವತಂತ್ರ ಭಾರತ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯಿದೆ ಮಾಡಿತ್ತು. ಹೆಚ್ಚು ಬಳಕೆಯಾಗದೆ ಉಳಿದ ಆ ಕಾಯಿದೆಯನ್ನು ರದ್ದುಗೊಳಿಸಿದ್ದು 2000ದಲ್ಲಿ. ಅಂದರೆ ಸೀಸ ಹೊರಟ ವರ್ಷವೇ. ಮೂರು ವರ್ಷ ಕಳೆಯುವುದರೊಳಗೆ, 2003ರಲ್ಲಿ, ಕರ್ನಾಟಕವೂ ಸೇರಿದ ಒಂಬತ್ತು ರಾಜ್ಯಗಳಲ್ಲಿ ಶೇಕಡ 5 ಎಥನಾಲ್ ಬೆರೆಸುವ ಯೋಜನೆ ಆರಂಭವಾಯಿತು. 2025ರಲ್ಲಿ ಅದು ಶೇಕಡ 20ಕ್ಕೆ ಮುಟ್ಟಿತು.

ಎಥನಾಲಿನ ಆಕ್ಟೇನ್ ಸುಮಾರು 108. ಆದ್ದರಿಂದ ಬಡಿತದ ಪ್ರಶ್ನೆಗೆ ಅದು ಒಳ್ಳೆಯ ಉತ್ತರ. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿ ಇದೆ. ಶೇಕಡ 20ರ ಮಿಶ್ರಣಕ್ಕೆಂದು ರೂಪಿಸದ ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ಭಾಗಗಳ ಬಾಳಿಕೆಯ ಚಿಂತೆಯೂ ಇದೆ. ಎಥನಾಲ್ ಬೆರೆಸದ ಪೆಟ್ರೋಲನ್ನೂ ಬಂಕುಗಳಲ್ಲಿ ಆಯ್ಕೆಗೆ ಇಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಕಬ್ಬಿಗೆ ಬೇಕಾದ ನೀರಿನ ಲೆಕ್ಕವನ್ನು ಕಾವೇರಿ, ಕೃಷ್ಣೆಯರ ನಾಡಿನವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಎಥನಾಲನ್ನು ಸೀಸದೊಡನೆ ಹೋಲಿಸುವುದು ಅನ್ಯಾಯ. ವಿಷದ ವಿಷಯದಲ್ಲಿ ಎರಡಕ್ಕೂ ಅಜಗಜಾಂತರ. ಆದರೆ ಆಕ್ಟೇನ್ ಹೆಚ್ಚಾಯಿತು ಎಂಬ ಒಂದೇ ಉತ್ತರದಿಂದ ಉಳಿದ ಪ್ರಶ್ನೆಗಳನ್ನು ಮುಗಿಸುವ ಅಭ್ಯಾಸಕ್ಕೆ ನಾವು ಒಮ್ಮೆ ಬೆಲೆ ತೆತ್ತಿದ್ದೇವೆ.

ಈ ಇತಿಹಾಸವನ್ನು ತಿಳಿದು ಬಂಕಿನ ಮುಂದೆ ನಿಂತವನಿಗೆ ಕೈಯಲ್ಲಿರುವ ಆಯ್ಕೆ ತೀರ ಚಿಕ್ಕದು, ಸುಲಭವಾದದ್ದು. ಕಾರಿನ ಕೈಪಿಡಿಯಲ್ಲಿ ಅಥವಾ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಎಂಜಿನ್ನಿಗೆ ಬೇಕಾದ ಕನಿಷ್ಠ ಆಕ್ಟೇನ್, ಎಥನಾಲಿನ ಗರಿಷ್ಠ ಪ್ರಮಾಣ ಬರೆದಿರುತ್ತದೆ. 91 ಸಾಕೆಂದು ಬರೆದಿದ್ದರೆ 91 ಸಾಕು. ಬಡಿಯದ ಎಂಜಿನ್ನಿಗೆ ಬಡಿತ ತಡೆಯುವ ಶಕ್ತಿಯನ್ನು ಇನ್ನಷ್ಟು ಕೊಂಡುಕೊಟ್ಟರೆ ಅದು ಏನು ಮಾಡೀತು? ಮಳೆಯೇ ಇಲ್ಲದ ದಿನ ಎರಡು ಕೊಡೆ ಹಿಡಿದಂತೆ. ಹೆಚ್ಚು ಆಕ್ಟೇನ್ ಎಂದರೆ ಹೆಚ್ಚು ಶಕ್ತಿ ಎಂದಲ್ಲ, ಹೆಚ್ಚು ಶುದ್ಧ ಎಂದೂ ಅಲ್ಲ. ದುಬಾರಿ ಪೆಟ್ರೋಲಿನಲ್ಲಿ ಎಂಜಿನ್ನಿನ ಒಳಭಾಗವನ್ನು ಸ್ವಚ್ಛವಾಗಿಡುವ ರಾಸಾಯನಿಕಗಳನ್ನೂ ಬೆರೆಸಿರಬಹುದು, ಅದು ಬೇರೆ ಮಾತು. ಫಲಕದ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. ಟರ್ಬೊ ಇರುವ, ಹೆಚ್ಚು ಅದುಮುವ ಎಂಜಿನ್ನಿಗೆ 95 ಬೇಕೆಂದು ತಯಾರಕರೇ ಹೇಳಿದ್ದರೆ 95ನ್ನೇ ಹಾಕಿಸಬೇಕು. ಕಡಿಮೆಯದನ್ನು ಹಾಕಿದರೆ ಇಂದಿನ ಎಂಜಿನ್ನು ಬಡಿತವನ್ನು ಗ್ರಹಿಸಿ ಕಿಡಿಯ ಗಳಿಗೆಯನ್ನು ಹಿಂದಕ್ಕೆ ಸರಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ಆದರೆ ಶಕ್ತಿಯೂ ಮೈಲೇಜೂ ಕುಂದುತ್ತವೆ.

ದೊಡ್ಡ ಆಯ್ಕೆಗಳು ಆಗುವುದು ಬಂಕಿನಲ್ಲಲ್ಲ. ಪೆಟ್ರೋಲಿಗೆ ಏನು ಬೆರೆಸಬೇಕು, ಅದರ ಹೆಸರನ್ನು ಫಲಕದ ಮೇಲೆ ಬರೆಯಬೇಕೇ ಬಿಡಬೇಕೇ, ಅದರ ಪರಿಣಾಮವನ್ನು ಯಾರ ಹಣದಲ್ಲಿ ಯಾರು ಅಧ್ಯಯನ ಮಾಡಬೇಕು ಎಂಬುದೆಲ್ಲ ತೀರ್ಮಾನವಾಗುವುದು ಸಭೆಗಳಲ್ಲಿ, ಸಮಿತಿಗಳಲ್ಲಿ, ಕಡತಗಳಲ್ಲಿ. 1925ರ ಆ ಸಭೆಯಲ್ಲಿ ಆಲಿಸ್ ಹ್ಯಾಮಿಲ್ಟನ್ ಮತ್ತು ಅವರ ಜೊತೆಗಾರರು ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ಅರ್ಧ ಶತಮಾನ ಹಿಡಿಯಿತು; ನಮ್ಮ ನಗರಗಳಿಗೆ ಆ ಉತ್ತರ ತಲುಪಲು ಇನ್ನೂ ಕಾಲು ಶತಮಾನ. ಫಲಕದ ಮೇಲೆ ಹೊಸ ಹೆಸರೋ ಹೊಸ ಅಂಕಿಯೋ ಕಂಡಾಗಲೆಲ್ಲ, ಎಷ್ಟು ಎಂದು ಕೇಳುವುದರ ಜೊತೆಗೆ ಯಾವುದರಿಂದ ಎಂದು ಕೇಳುವುದನ್ನೂ ರೂಢಿಸಿಕೊಂಡರೆ ಒಳ್ಳೆಯದು.